ಗೆರೆಯವರೆಗೆ

ಮೂವತ್ತೊಂದು ವರ್ಷ ನಾನು ಬಾಟಲಿ ತೊಳೆದವನು.
ಪಾಠ ಹೇಳುವುದು ಮೇಷ್ಟ್ರ ಕೆಲಸ,
ಕಲಸಿಡುವುದು ನನ್ನದು.
ದಾವಣಗೆರೆಯ ಈ ಪಿಯು ಕಾಲೇಜಿನ ಹಿಂದಿನ ಕೋಣೆಯಲ್ಲಿ
ತಕ್ಕಡಿ, ಫ್ಲಾಸ್ಕು, ಭಟ್ಟಿ ಇಳಿಸಿದ ನೀರು, ನಾನು.

ಟೆಸ್ಟ್ ಪೇಪರ್ ಹಿಡಿದು ಸುಮೈಯಾ ಬಂದಳು.
ಎರಡು ಅಂಕದ ಪ್ರಶ್ನೆಗೆ ಸೊನ್ನೆ.
‘ಒಂದು ಲೀಟರ್ ನೀರಿಗೆ ಒಂದು ಮೋಲ್ ಉಪ್ಪು
ಅಂತ ಬರೆದೆ, ಹಾಲೇಶಣ್ಣ. ತಪ್ಪೇನಿದೆ?’
ಮೇಷ್ಟ್ರನ್ನು ಕೇಳಲಾಗದ್ದು ನನ್ನ ಬಾಗಿಲಿಗೆ ಬರುತ್ತದೆ.

ನಾನು ಮಾತಾಡಲಿಲ್ಲ. ಐವತ್ತೆಂಟೂವರೆ ಗ್ರಾಂ ತೂಗಿದೆ,
ಫ್ಲಾಸ್ಕಿಗೆ ಸುರಿದೆ, ಅರ್ಧ ನೀರು ಹಾಕಿ ಕುಲುಕಿದೆ,
ಉಪ್ಪು ಕಣ್ಣಿಗೆ ಕಾಣದಂತಾದ ಮೇಲೆ
ಕತ್ತಿನ ಗೆರೆಯವರೆಗೆ ಹನಿ ಹನಿ ತುಂಬಿಸಿದೆ.
‘ಎಷ್ಟು ನೀರು ಹಿಡೀತು?’
‘ಒಂದು ಲೀ...’ ಅಂದವಳು ತಡೆದಳು.
‘ಅಲ್ಲ, ಸ್ವಲ್ಪ ಕಡಿಮೆ. ಉಪ್ಪೂ ಜಾಗ ತಗೊಂಡಿದೆ.’
ಅಷ್ಟೇ, ಮಗಾ.
ಲೀಟರ್ ಅನ್ನೋದು ಇಲ್ಲಿ ನೀರಿನ ಲೆಕ್ಕವಲ್ಲ,
ನೀರೂ ಉಪ್ಪೂ ಕೂಡಿ ಆದದ್ದರ ಲೆಕ್ಕ.

ಅವಳು ಗೆರೆಯನ್ನೇ ನೋಡುತ್ತ ನಿಂತಳು.
‘ನಮ್ಮಮ್ಮಿಯ ಬಕೆಟ್ಟಿಗೂ ಹೀಗೇ ಗೆರೆ ಇದೆ.’

ಮಂಡಕ್ಕಿ ಭಟ್ಟಿಯಲ್ಲಿ ಜೈತುನಬಿಗೆ ಉಪ್ಪುನೀರಿನ ಕೆಲಸ.
ಅಕ್ಕಿಗೆ ಉಪ್ಪು ಹಿಡಿಸಿ, ಆರಿಸಿ, ಆಮೇಲೆ ಕಾದ ಮರಳಿಗೆ.
ಹದ ತಪ್ಪಿದರೆ ಅರಳುವುದಿಲ್ಲ,
ಅರಳಿದರೂ ಸಪ್ಪೆ, ಬೈಗುಳ ಮಾತ್ರ ಖಾರ.
ಮೊದಲು ಎರಡು ಕಿಲೋ ಕಲ್ಲುಪ್ಪು, ಆಮೇಲೆ ನೀರು,
ಮೊಳೆಯಲ್ಲಿ ಗೀರಿದ ಗೆರೆ ಮುಟ್ಟುವ ತನಕ.
ಹತ್ತು ಲೀಟರ್.

ಸೊನ್ನೆ ಬಿದ್ದ ಹಾಳೆಯ ಬೆನ್ನಿಗೇ ಸುಮೈಯಾ ಭಾಗಿಸಿದಳು:
ಎರಡು ಸಾವಿರ ಗ್ರಾಮಿಗೆ ಮೂವತ್ನಾಲ್ಕು ಚಿಲ್ಲರೆ ಮೋಲ್,
ಹತ್ತು ಲೀಟರಿಗೆ ಹಂಚಿದರೆ
ಮೊಲಾರಿಟಿ ಮೂರು ಪಾಯಿಂಟ್ ನಾಲ್ಕು.
‘ಆದ್ರೆ ಆಷಾಢದಲ್ಲಿ ಇನ್ನೆರಡು ಹಿಡಿ ಹಾಕ್ತಾಳಣ್ಣ.
ಯಾಕಂದ್ರೆ, ನಾಲಿಗೆ ಕೇಳುತ್ತೆ ಅಂತಾಳೆ.
ಅದು ತಪ್ಪಲ್ವಾ?’

ನಾಲಿಗೆಯನ್ನು ತೂಗುವ ತಕ್ಕಡಿ ನನ್ನಲ್ಲಿಲ್ಲ.
ಸಿಲ್ವರ್ ನೈಟ್ರೇಟ್ ಇತ್ತು.

ಮರುದಿನ ಎರಡು ಬಾಟಲಿ ತಂದಳು,
ಆ ಎರಡು ಹಿಡಿ ಬೀಳುವ ಮೊದಲಿನದು, ಬಿದ್ದ ನಂತರದ್ದು.
ಎರಡನ್ನೂ ನೂರು ಪಟ್ಟು ತೆಳು ಮಾಡಿದೆವು.
‘ಇಷ್ಟು ನೀರು ಹಾಕಿದ್ರೆ ಉಪ್ಪೇ ಹೋಯ್ತಲ್ಲ!’
ಎಲ್ಲಿಗೆ ಹೋಗುತ್ತೆ?
ಮದುವೆಮನೆಯಲ್ಲಿ ಜಮಖಾನ ಹೆಚ್ಚು ಹಾಸಿದರೆ
ನೆಂಟರೇನು ಕಡಿಮೆಯಾಗ್ತಾರಾ?
ದೂರ ದೂರ ಕೂರ್ತಾರೆ, ಅಷ್ಟೇ. ತಲೆ ಎಣಿಸು, ಅದೇ ಲೆಕ್ಕ.

ಹಳದಿ ನೀರಿಗೆ ಬ್ಯೂರೆಟ್ಟಿನಿಂದ ಹನಿ.
ಬಿಳಿ ಮೋಡ. ಇನ್ನೊಂದು ಹನಿ, ಮತ್ತೆ ಬಿಳಿ.
ಕೆಂಪು ಬರುತ್ತದೆ, ಕುಲುಕಿದರೆ ಓಡಿಹೋಗುತ್ತದೆ,
ಕೊನೆಗೊಂದು ಹನಿಗೆ ಇಟ್ಟಿಗೆಯ ಬಣ್ಣ ನಿಂತೇ ನಿಂತಿತು.
ಮೊದಲ ಬಾಟಲಿ: ಮೂರು ಪಾಯಿಂಟ್ ಒಂದು.
ಎರಡನೆಯದು
ಮೂರು ಪಾಯಿಂಟ್ ನಾಲ್ಕು.

ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು.
ಮಳೆಗಾಲಕ್ಕೆ ಮೂಟೆಯ ಉಪ್ಪು ಬೆವರುತ್ತದೆ,
ಬೆವರನ್ನೂ ಸೇರಿಸಿಕೊಂಡು ‘ನಾನು ಎರಡು ಕಿಲೋ’ ಅನ್ನುತ್ತದೆ.
ತಕ್ಕಡಿ ನಂಬಿತ್ತು.
ಜೈತುನಬಿ ನಂಬಿರಲಿಲ್ಲ.

ಸಿಲ್ವರ್ ನೈಟ್ರೇಟ್ ದುಬಾರಿ ಸಾಮಾನು.
ರಿಜಿಸ್ಟರಿನಲ್ಲಿ ‘ಕೈತಪ್ಪಿ ಚೆಲ್ಲಿತು’ ಎಂದು ಬರೆದೆ.
ಉಳಿದ ಉಪ್ಪುನೀರನ್ನು ಮಾತ್ರ ಚೆಲ್ಲಲಾಗದೆ
ಗಾಜಿನ ಬಾಟಲಿಗೆ ತುಂಬಿ ಕಪಾಟಿನಲ್ಲಿಟ್ಟೆ.
ಚೀಟಿ ಅವಳೇ ಬರೆದಳು:
ಸೋಡಿಯಂ ಕ್ಲೋರೈಡ್, ಮೊಲಾರಿಟಿ, ತಾರೀಖು.
‘ತಯಾರಿಸಿದವರು’ ಅನ್ನುವಲ್ಲಿ
(ಈ ಕಪಾಟಿನ ನೂರಾರು ಚೀಟಿಗಳಲ್ಲಿ
ನಾನೇ ಕೈಯಾರೆ ಮೇಷ್ಟ್ರ ಹೆಸರು ಬರೆದಿದ್ದೇನೆ)
ಅವಳು ಒಂದು ಕ್ಷಣವೂ ಯೋಚಿಸದೆ
ಅಮ್ಮನ ಹೆಸರು ಬರೆದಳು.

ಗೋಂದು ಹಿಡಿಯಲೆಂದು
ಒದ್ದೆ ಹೆಬ್ಬೆರಳಿನಿಂದ ಮೂಲೆಯನ್ನು ಒತ್ತಿ ಹಿಡಿದಿದ್ದೆ.
ಆಗೇನೂ ಕಾಣಲಿಲ್ಲ.
ಎರಡು ದಿನದ ಬೆಳಕು ಬಿದ್ದ ಮೇಲೆ ನೋಡಿದರೆ
ಜೈತುನಬಿಯ ಪಕ್ಕದಲ್ಲಿ
ನನ್ನ ಹೆಬ್ಬೆಟ್ಟು, ಕಪ್ಪಗೆ.